ನೀಲತ್ತಿ ಕೇಳುತ್ತಿದ್ದ ಪ್ರಶ್ನೆ

ನಮ್ಮೂರಿಗೆ ಎಲ್ಲರೂ ಇನ್ನೂ ಗುಲಬರ್ಗಾ ಎನ್ನುತ್ತಿದ್ದ ದಿನಗಳವು. ಎಳ್ಳ ಅಮಾವಾಸ್ಯೆಯ ಹಿಂದಿನ ದಿನ ಖೂಬಾ ಪ್ಲಾಟ್ ಬಡಾವಣೆಯ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳಕ್ಕೇ ನನಗೆ ಎಚ್ಚರವಾಗುತ್ತಿತ್ತು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಹಸಿಕಾಳು ಸೊಪ್ಪು ಕೂಡಿಸಿ ಕುದಿಸಿದ ಭಜ್ಜಿ, ಶೇಂಗಾ ಹೋಳಿಗೆ. ಮರುದಿನ ಎಲ್ಲವನ್ನೂ ಬುಟ್ಟಿಗೆ ತುಂಬಿಕೊಂಡು ಕಮಲಾಪುರದ ಹೊಲಕ್ಕೆ ಹೋಗುತ್ತಿದ್ದೆವು.

ಆ ವರ್ಷ ನೀಲತ್ತಿಯನ್ನು ಕರೆದೊಯ್ಯಬೇಕೋ ಬೇಡವೋ ಎಂದು ಜಗಳವಾಯಿತು. ನೀಲತ್ತಿ ಅಪ್ಪನ ತಂಗಿ, ನಮ್ಮ ಜೊತೆಗೇ ಇದ್ದವಳು. ಆಕೆಗೆ ಬೈಪೋಲಾರ್ ಕಾಯಿಲೆ. ಉಮೇದು ಏರಿದ ದಿನಗಳಲ್ಲಿ ಯಾರು ನಕ್ಕರೂ ತನ್ನವರೇ ಎನ್ನಿಸಿ, ಒಮ್ಮೆ ಜಗತ್ ಸರ್ಕಲ್ಲಿನಿಂದ ಬಳೆಗಾರನನ್ನು ಊಟಕ್ಕೇ ಕರೆತಂದಿದ್ದಳು. ಉಮೇದು ಇಳಿದಾಗ, ಸುಮ್ಮನೆ ಕುಳಿತವರ ಮುಖವೂ ಆಕೆಗೆ ಸಿಟ್ಟಿನ ಮುಖವೇ.

ಡಾಕ್ಟರು ಅವ್ವನಿಗೆ ಅದನ್ನು ಬಿಡಿಸಿ ಹೇಳುವಾಗ ನಾನೂ ಅಲ್ಲೇ ಸ್ಟೂಲಿನ ಮೇಲಿದ್ದೆ.

"ಎದುರಿನವರ ಮುಖ ಓದೋದು ಮೆದುಳಿನ ಕೆಲಸ ರೀ. ಈ ಕಾಯಿಲೆಯೊಳಗ ಅದು ಒಮ್ಮೊಮ್ಮೆ ತಪ್ಪು ಓದ್ತದ. ಸಪ್ಪನ್ನ ಮುಖ ಕಂಡ್ರ ನನ್ನ ಮ್ಯಾಲ ಸಿಟ್ಟಾಗ್ಯಾರ ಅನಸ್ತದ. ಗುಳಿಗಿ ತಪ್ಪಸಬ್ಯಾಡ್ರಿ. ಮತ್ತ, ಮನಸಿನಾಗ ಇದ್ದದ್ದು ಬಾಯಿಬಿಟ್ಟು ಹೇಳ್ರಿ."

ನಾನು ಅದನ್ನೇ ಆಟ ಮಾಡಿಕೊಂಡೆ. ನೀಲತ್ತಿ "ಸಿಟ್ಟೇನ?" ಎಂದು ಕೇಳಬೇಕು, ನಾನು ಖರೆ ಹೇಳಬೇಕು. "ಇಲ್ಲತ್ತಿ, ಹೊಟ್ಟಿ ಹಸದದ." "ಹೌದತ್ತಿ, ನನ್ನ ರಿಬ್ಬನ್ ನೀ ಯಾಕ ಕಟ್ಟಿಕೊಂಡಿ?" ಸುಳ್ಳು ಹೇಳಿದರೆ ಸೋತಂತೆ.

ದೊಡ್ಡಪ್ಪ ಇಂಥದ್ದನ್ನೆಲ್ಲ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. "ಬರ್ಲಿ. ಆದ್ರ ಊಟದ ನಡುವ ಎದ್ದು ರಂಪ ಮಾಡಿದ್ಲಂದ್ರ, ಮುಂದಿನ ವರ್ಷದಿಂದ ಮನ್ಯಾಗ ಬಿಟ್ಟು ಕೀಲಿ ಹಾಕ್ಕೊಂಡು ಬರೋದು," ಎಂದುಬಿಟ್ಟ. ಅಷ್ಟು ಸಾಲದೆಂದು ಎಲ್ಲರಿಗೂ ತಾಕೀತು ಮಾಡಿದ: ನೀಲಳ ಮುಂದೆ ಯಾರೂ ನಗಬಾರದು, ಹೆಚ್ಚು ಮಾತಾಡಬಾರದು, ಆಕೆಗೆ ತ್ರಾಸಾಗುತ್ತದೆ.

ಹೊಲದಲ್ಲಿ ಬಿಳಿಜೋಳ ನನ್ನ ತಲೆಗಿಂತ ಎತ್ತರವಿತ್ತು. ಪೂಜೆಯಾದ ಮೇಲೆ ದೊಡ್ಡಪ್ಪ ಚರಗ ಚೆಲ್ಲಲು ಹೊರಟ. ಕಲಸಿದ ನೈವೇದ್ಯವನ್ನು ಬೆಳೆಯ ಮೇಲೆ ಎರಚುತ್ತ ಹೊಲ ಸುತ್ತುವ ಅವನ ಹಿಂದೆ ಮಕ್ಕಳು ಗಂಟಲು ಹರಿಯುವಂತೆ ಕೂಗುತ್ತ ಓಡುವುದು ರೂಢಿ. ಆ ವರ್ಷ ಕೂಗುವುದಕ್ಕೂ ತಡೆ. ಶವದ ಹಿಂದೆ ಹೋದಂತೆ ಹೋಗಿಬಂದೆವು.

ಊಟಕ್ಕೆ ಕುಳಿತಾಗಲೂ ಎಲ್ಲರದೂ ಬಿಗಿದ ತುಟಿ, ತಗ್ಗಿಸಿದ ತಲೆ. ನೀಲತ್ತಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. "ನಾ ಹೋಗ್ತೀನಿ. ಎಲ್ಲಾರೂ ನನ್ನ ಮ್ಯಾಲ ಸಿಟ್ಟಾಗ್ಯಾರ," ಎಂದು ಎದ್ದಳು.

"ನೋಡ್ರಿ, ಸುರು ಆತು," ಎಂದ ದೊಡ್ಡಪ್ಪ, ಗೆದ್ದವನಂತೆ.

ನನಗೆ ಮೈಯೆಲ್ಲ ಉರಿಯಿತು. ಹೋಳಿಗೆ ಕೈಯಲ್ಲಿರುವಂತೆಯೇ ಎದ್ದು ನಿಂತೆ. "ಅತ್ತಿ, ಹೋಗಬ್ಯಾಡ. ಕೇಳು. ಒಬ್ಬೊಬ್ಬರನ್ನ ಕೇಳು."

"ಏ, ಬಾಯಿ ಮುಚ್ಚು!" ಎಂದ ದೊಡ್ಡಪ್ಪ.

"ಮುಚ್ಚಂಗಿಲ್ಲ! ಮುಖ ಬಿಗಕೊಂಡು ಕುಂತವರು ನೀವು!"

ನೀಲತ್ತಿ ನಿಂತಲ್ಲೇ ದೊಡ್ಡಮ್ಮನ ಕಡೆ ತಿರುಗಿದಳು. "ವೈನಿ, ಸಿಟ್ಟೇನ?"

ದೊಡ್ಡಮ್ಮ ಗಂಡನನ್ನು ನೋಡಿದಳು, ನೀಲತ್ತಿಯನ್ನು ನೋಡಿದಳು. ಪಾಪ, ತಡೆಯಲಾಗಲಿಲ್ಲ. "ಇಲ್ಲವ್ವಾ. ನಗಬ್ಯಾಡ ಅಂದಾರ, ಅದಕ್ಕ ಹಲ್ಲು ಕಚ್ಚಿ ಕುಂತೀನಿ!" ಎಂದು ಸೆರಗು ಬಾಯಿಗಿಟ್ಟುಕೊಂಡಳು. ಅವ್ವ ನಕ್ಕಳು. ಮಕ್ಕಳೆಲ್ಲ ನಕ್ಕೆವು.

ಕೊನೆಗೆ ಆಕೆ ದೊಡ್ಡಪ್ಪನ ಮುಂದೆ ನಿಂತಳು. "ಅಣ್ಣಾ, ಸಿಟ್ಟೇನ?"

ಅವನು ಕೆಮ್ಮಿದ, ಜೋಳದ ಕಡೆ ನೋಡಿದ. "ಹೂಂ. ಸಿಟ್ಟದ."

"ಆತು. ಒಬ್ಬಾಂವ ಅಷ್ಟ," ಎಂದು ನೀಲತ್ತಿ ಕುಳಿತು ರೊಟ್ಟಿ ಮುರಿದಳು. ಮುಂದಿನ ವರ್ಷವಷ್ಟೇ ಅಲ್ಲ, ಎಂದೂ ಆಕೆಯ ಮೇಲೆ ಕೀಲಿ ಬೀಳಲಿಲ್ಲ.

ಈಗ ಆ ಹೊಲ ಪ್ಲಾಟಾಗಿದೆ. ದೊಡ್ಡಪ್ಪನಿಲ್ಲ, ನೀಲತ್ತಿಯೂ ಇಲ್ಲ. ಸಜ್ಜೆ ರೊಟ್ಟಿ ಅಂಗಡಿಯಲ್ಲೇ ಸಿಗುತ್ತದೆ. ಮನೆಯ ಮನುಷ್ಯರ ಮೇಲೆ ಕೀಲಿ ಜಡಿಯುತ್ತಿದ್ದ ಆ ಕಾಲ ಹೋಗಿದ್ದಕ್ಕೆ ನನಗೆ ಎಳ್ಳಷ್ಟೂ ದುಃಖವಿಲ್ಲ. ದುಃಖವಿರುವುದು ಆ ಪ್ರಶ್ನೆ ಹೋಗಿದ್ದಕ್ಕೆ. ಆಕೆ ಮುಖವನ್ನು ತಪ್ಪು ಓದಿದರೂ ಕೇಳಿ ತಿದ್ದಿಕೊಳ್ಳುತ್ತಿದ್ದಳು. ತಲೆ ನೆಟ್ಟಗಿದೆ ಎನ್ನುವ ನಾವು ಕೇಳುವುದೇ ಇಲ್ಲ. ಮೊನ್ನೆ ಒಂದು ಮದುವೆಯಲ್ಲಿ ಯಾರೋ ಆಕೆಯನ್ನು ನೆನೆದು "ಆ ಹುಚ್ಚಿ" ಎಂದರು. ನನ್ನ ಮುಖ ನೋಡಿ ಎಲ್ಲರೂ ತಲೆ ತಗ್ಗಿಸಿದರು. ಯಾರೂ ಕೇಳಲಿಲ್ಲ. ಕೇಳದಿದ್ದರೂ ನಾನೇ ಹೇಳಿದೆ:

"ಹೂಂ. ಸಿಟ್ಟದ."