ಕಂಡೆನ್ಸರಿನ ಮೇಲಿನ ನಂಬರು

ಬೆಳಿಗ್ಗೆ ಮಿಕ್ಸರಿನಿಂದ ಸುಟ್ಟ ವಾರ್ನಿಷಿನ ವಾಸನೆ ಬಂತು. ನಿಮ್ಮ ಮನೆಯಲ್ಲೂ ಎಂದಾದರೂ ಬಂದಿರಬೇಕು. ನಾನು ಎದ್ದು ನಿಂತೆನೋ ಇಲ್ಲವೋ, ಹೆಂಡತಿ "ನೀವಂತೂ ಮುಟ್ಟಬ್ಯಾಡ್ರಿ" ಎಂದಳು. ಈ ಎಚ್ಚರಿಕೆಗೆ ಕಾರಣವಿದೆ.

ಕೆಲವು ವರ್ಷಗಳ ಹಿಂದೆ ಬೇಡಕಿಹಾಳದಲ್ಲಿ ಮಾವನವರ ಬಾವಿಯ ಪಂಪು ಗುಂಯ್ ಎನ್ನುತ್ತಿತ್ತು, ತಿರುಗುತ್ತಿರಲಿಲ್ಲ. ಕಬ್ಬು ನಾಟಿ ಮಾಡಿ ಎರಡೇ ದಿನ. ಮೋಟಾರಿಗೆ ಜೋಡಿಸಿದ ಕಂಡೆನ್ಸರ್, ಅಂದರೆ ಕೆಪ್ಯಾಸಿಟರ್, ಹೋಗಿದೆ ಎಂದು ನಾನೇ ಪತ್ತೆ ಹಚ್ಚಿದೆ. ಚಿಕ್ಕೋಡಿಯ ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುವವನಿಗೆ ಅಷ್ಟೂ ತಿಳಿಯದೇ? ಹಳೆಯದರ ಮೇಲೆ ಮೂವತ್ತಾರು ಮೈಕ್ರೋಫ್ಯಾರಡ್ ಎಂದಿತ್ತು. ನಾನು ಎಪ್ಪತ್ತೆರಡರದು ತಂದೆ. ಕೆಪ್ಯಾಸಿಟಿ ಹೆಚ್ಚಿದ್ದಷ್ಟೂ ಒಳ್ಳೆಯದಲ್ಲವೇ! ಪಂಪು ಶುರುವಾಯಿತು. "ಮಾಸ್ತರ ಅಳಿಯ ಸಿಕ್ಕಿದ್ದ ನಮ್ಮ ಪುಣ್ಯಾ" ಎಂದರು ಮಾವ. ಮಧ್ಯಾಹ್ನದೊಳಗೆ ಮೋಟಾರು ಸುಟ್ಟುಹೋಯಿತು.

ಊರಲ್ಲಿ ಮೋಟಾರು ವೈಂಡಿಂಗ್ ಮಾಡುವವಳು, ಅಂದರೆ ಸುಟ್ಟ ತಂತಿಯ ಸುರುಳಿ ಬಿಚ್ಚಿ ಹೊಸದು ಸುತ್ತುವವಳು, ಸುಶೀಲಕ್ಕ. ಅಪ್ಪನ ಕೈಯಲ್ಲಿ ಕೆಲಸ ಕಲಿತವಳು. ಆಕೆಯ ಅಂಗಡಿಗೆ ಮೋಟಾರು ಹೊತ್ತೊಯ್ದೆವು. ನನ್ನ ಮಾನ ಉಳಿಸಲು ಮಾವ, "ಕರೆಂಟ್ ಹೆಚ್ಚುಕಡಿಮಿ ಆಗಿತ್ತವ್ವಾ" ಎಂದರು. ಆಕೆ ಕಂಡೆನ್ಸರನ್ನು ತಿರುಗಿಸಿ ನೋಡಿದಳು.

"ಇದನ್ನ ಯಾರ ಹಾಕ್ಯಾರ್ರಿ?"

"ನಾನೇ."

"ನೀವೇನ ಮಾಡ್ತೀರಿ?"

ಹೇಳಿದೆ. ಆಕೆ ನಗಲಿಲ್ಲ. ನಕ್ಕಿದ್ದರೇ ವಾಸಿಯಿತ್ತು.

"ಸರ, ಇದೇನ ಜ್ವಾಳಾ ತುಂಬೂ ಹಗೇವೇನ್ರಿ, ದೊಡ್ಡದಿದ್ದಷ್ಟ ಛಲೋ ಅನ್ನಾಕ? ಈ ನಂಬರ ಸುರುಳಿಗಿ ಹೊಂದಬೇಕ್ರಿ. ಹೆಚ್ಚಾದ್ರ ಸುರುಳಿ ಹೆಚ್ಚಿಗಿ ಕರೆಂಟ್ ಎಳದ ಸುಡತೈತಿ."

ಪುಸ್ತಕ ಹೇಳುವುದೂ ಬೇರೆಯೇನಲ್ಲ. ಕೆಪ್ಯಾಸಿಟನ್ಸ್ ಎಂದರೆ ಒಟ್ಟು ಎಷ್ಟು ಹಿಡಿಯುತ್ತದೆ ಎಂಬುದಲ್ಲ. ಒಂದೊಂದು ವೋಲ್ಟಿಗೆ ಎಷ್ಟು ವಿದ್ಯುದಾವೇಶ ತೆಗೆದುಕೊಳ್ಳುತ್ತದೆ ಎಂಬುದು. ಬೋರ್ಡಿನ ಮೇಲೆ ಆ ಸೂತ್ರ ಬರೆದು, ಪಕ್ಕದಲ್ಲೇ ನೀರು ತುಂಬಿದ ಒಂದು ಕೊಡದ ಚಿತ್ರ ಬರೆದು, ಎರಡೂ ಒಂದೇ ಎಂಬಂತೆ ವರ್ಷಗಟ್ಟಲೆ ಕಲಿಸಿದವನು ನಾನು.

ಮೂರು ದಿನ ಪಕ್ಕದ ಹೊಲದವರು ನೀರು ಬಿಟ್ಟು ನಮ್ಮ ಕಬ್ಬು ಉಳಿಸಿದರು. ಮೋಟಾರು ತರಲು ಹೋದಾಗ ಸುಶೀಲಕ್ಕನಿಗೆ, "ಒಂದು ದಿನ ನಮ್ಮ ಕ್ಲಾಸಿಗೆ ಬಂದು ಹುಡುಗರಿಗೆ ಇದನ್ನೇ ಹೇಳ್ರಿ" ಎಂದೆ.

"ಏಳನೇ ಇಯತ್ತೆ ಕಲ್ತಾಕಿ ನಾ. ಕಾಲೇಜಿನ್ಯಾಗ ಏನ ಹೇಳ್ಲಿ?"

ಆದರೂ ಬಂದಳು. ನಮ್ಮ ಮೋಟಾರಿನಿಂದ ತೆಗೆದ ಕಪ್ಪಾದ ಸುರುಳಿಯನ್ನು ಮೇಜಿನ ಮೇಲಿಟ್ಟು, ಅದು ಹೇಗೆ ಸುಟ್ಟಿತೆಂದು ಹೇಳಿದಳು. ಸುಟ್ಟವರು ಯಾರೆಂದು ಹೇಳಲಿಲ್ಲ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದಳು.

"ಹಂಗಾರ ನೀವು ತೆಗೆದ ಕೊಡದ ಚಿತ್ರ ತಪ್ಪೇನ್ರಿ ಸರ?"

ಸುಶೀಲಕ್ಕ ಕಿಟಕಿಯ ಕಡೆ ನೋಡತೊಡಗಿದಳು.

"ತಪ್ಪು," ಎಂದೆ. "ಈ ಮೋಟಾರು ಸುಟ್ಟವನೂ ನಾನೇ."

ಕ್ಲಾಸಿನಲ್ಲಿ ನಾನು ಕಲಿಸಿದ್ದು ತಪ್ಪು ಎಂದು ಹೇಳಿದ್ದು ಅದೇ ಮೊದಲು. ಈಗ ವರ್ಷಕ್ಕೆ ಎರಡು ಮೂರು ಸಲವಾದರೂ ಹೇಳಬೇಕಾಗುತ್ತದೆ. ಮಕ್ಕಳು ಈಗ ನನ್ನ ತಪ್ಪು ಕಂಡರೆ ಕೈ ಎತ್ತಲು ಹೆದರುವುದಿಲ್ಲ.