ಈರಕ್ಕನ ಗೂಡಿನ ಗಡಿಯಾರ

ಹೊಸದುರ್ಗದ ಡ್ರಾಯಿಂಗ್ ಮೇಷ್ಟ್ರು ಗೋವಿಂದಪ್ಪನವರಿಗೆ ಹೊಟ್ಟೆಕಿಚ್ಚು ಅಂದರೆ ಊರಲ್ಲಿ ಯಾರೂ ನಂಬುವುದಿಲ್ಲ. ಪಕ್ಕದವರು ಮೂರಂತಸ್ತಿನ ಮನೆ ಎಬ್ಬಿಸಿದಾಗ ಬೀದಿಯಲ್ಲಿ ನಿಂತು ಕಿಟಕಿಯ ಅಳತೆ ಚೆನ್ನಾಗಿದೆ ಅಂದವರು ಅವರು. ಜೊತೆಯ ಮೇಷ್ಟ್ರಿಗೆ ಬಡ್ತಿ ಬಂದಾಗ ಮೊದಲು ಹಾರ ತಂದವರೂ ಅವರೇ. ಗಡಿಯಾರದ ಮಾತು ಬಂತೋ, ಆಗ ಬೇರೆಯೇ ಮನುಷ್ಯ. ಅದೂ ಎಲ್ಲರ ಮೇಲೆ ಅಲ್ಲ, ಒಬ್ಬನ ಮೇಲೆ.

ಆ ಒಬ್ಬ ಪ್ರದೀಪ್, ಚಿತ್ರದುರ್ಗದಲ್ಲಿ ಹಲ್ಲಿನ ಡಾಕ್ಟರು, ಮೇಷ್ಟ್ರ ಶಿಷ್ಯ. ಎಂಟನೇ ಕ್ಲಾಸಿನಲ್ಲಿ ಕೈಗೆ ಸ್ಕೇಲು ಕೊಟ್ಟರೂ ಸೊಟ್ಟ ಗೆರೆ ಎಳೆಯುತ್ತಿದ್ದ ಹುಡುಗ.

ಮೇಷ್ಟ್ರು ಗಡಿಯಾರ ಕೂಡಿಹಾಕಲು ಶುರು ಮಾಡಿ ಮೂವತ್ತು ವರ್ಷದ ಮೇಲಾಯಿತು. ಗುಜರಿ ಅಂಗಡಿಯ ಮೂಲೆ, ಮುಚ್ಚಿದ ಹೋಟೆಲಿನ ಗಲ್ಲಾ, ಯಾರದೋ ಅಟ್ಟ, ಎಲ್ಲೆಲ್ಲಿಂದಲೋ ತಂದರು. ಆದರೆ ಸಿಕ್ಕಿದ್ದನ್ನೆಲ್ಲ ತರುವವರಲ್ಲ. ಬಳ್ಳಿ, ಹೂವು, ನವಿಲು ಕೆತ್ತಿದ್ದನ್ನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಅವರಿಗೆ ಬೇಕಾದದ್ದು ಗೆರೆ. ಮರದ ಪೆಟ್ಟಿಗೆ ಮೂರು ಮೆಟ್ಟಿಲಾಗಿ ಏರಬೇಕು, ಮೂಲೆ ನಯವಾಗಿ ತಿರುಗಬೇಕು, ಡಯಲಿನ ನಡುವಿನಿಂದ ಸೂರ್ಯನ ಕಿರಣ ಚೂಪಾಗಿ ಹೊರಡಬೇಕು, ಅಂಕಿಗಳು ಸಣಕಲಾಗಿ ಉದ್ದಕ್ಕೆ ನಿಂತಿರಬೇಕು. ಚಿತ್ರದುರ್ಗದ ಹಳೇ ಬೀದಿಗಳಲ್ಲಿ ನೆತ್ತಿಯ ಮೇಲೆ ಇಸವಿ ಬರೆಸಿಕೊಂಡ ಮನೆಗಳಿವೆಯಲ್ಲ, ಅವುಗಳ ಹಣೆಯಲ್ಲೂ ಇದೇ ಮೆಟ್ಟಿಲು, ಇದೇ ಕಿರಣ. ಕಟ್ಟಿದ ಗಾರೆಯವನಿಗೂ ಗಡಿಯಾರ ಮಾಡಿದವನಿಗೂ ಒಂದೇ ಕಾಲದ ಗಾಳಿ ಬೀಸಿತ್ತು ಅಂತ ಮೇಷ್ಟ್ರು ಹೇಳುತ್ತಿದ್ದರು. ಕೇಳುವವರು ಹೆಂಡತಿ ಯಶೋಧಾ ಒಬ್ಬರೇ, ಅವರು ಧೂಳು ಒರೆಸುತ್ತಾ ಹೂಂ ಅನ್ನುತ್ತಿದ್ದರು. ಆ ಬಗೆಯ ಕೆಲಸಕ್ಕೆ ಮೇಷ್ಟ್ರು ಇಟ್ಟುಕೊಂಡ ಹೆಸರು ‘ಮೆಟ್ಟಿಲು ಮಾದರಿ’.

ಒಂದು ದಿನ ಪ್ರದೀಪ್ ಹಣ್ಣು ಹಿಡಿದುಕೊಂಡು ಗುರುಗಳನ್ನು ನೋಡಲು ಬಂದ. ಶೆಲ್ಫಿನ ಮುಂದೆ ನಿಂತು, ಇದು ಆರ್ಟ್ ಡೆಕೊ ಸಾರ್, ಸಾವಿರದ ಒಂಬೈನೂರ ಮೂವತ್ತರ ಆಸುಪಾಸಿನ ಸ್ಟೈಲು ಅಂದ. ಫೋನಿನಲ್ಲಿ ಪರದೇಶದ ಕಟ್ಟಡ, ರೇಡಿಯೋ, ಕೈಗಡಿಯಾರ ಎಲ್ಲ ತೋರಿಸಿದ. ಮೇಷ್ಟ್ರ ಮುಖ ಸಣ್ಣದಾಯಿತು. ಮೂವತ್ತು ವರ್ಷ ಸಂಸಾರ ಮಾಡಿದವಳ ಹೆಸರನ್ನು ನಿನ್ನೆ ಬಂದವನು ಹೇಳಿಕೊಟ್ಟ ಹಾಗಾಯಿತು.

ಆಮೇಲೆ ಪ್ರದೀಪನೂ ಶುರು ಹಚ್ಚಿಕೊಂಡ. ಎರಡೇ ವರ್ಷಕ್ಕೆ ಕ್ಲಿನಿಕ್ಕಿನಲ್ಲಿ ಗಾಜಿನ ಬೀರು, ಒಳಗೆ ದೀಪ, ದವಡೆ ಊದಿಸಿಕೊಂಡು ಕುಂತವರಿಗೆಲ್ಲ ಗಡಿಯಾರದ ದರ್ಶನ. ಪೇಪರಿನಲ್ಲೂ ಫೋಟೊ ಬಂತು. ಈ ರುಚಿ ಹತ್ತಿಸಿದವರು ನಮ್ಮ ಡ್ರಾಯಿಂಗ್ ಮೇಷ್ಟ್ರು ಗೋವಿಂದಪ್ಪನವರು ಅಂತ ಅವನು ಹೇಳಿದ್ದನಂತೆ, ಪೇಪರಿನವರು ‘ಶಿಕ್ಷಕರೊಬ್ಬರು’ ಅಂತ ಹಾಕಿದರು. ಆ ಮೂರಕ್ಷರದ ‘ಒಬ್ಬರು’ ಮೇಷ್ಟ್ರಿಗೆ ವಾರಗಟ್ಟಲೆ ಅನ್ನ ಸೇರದ ಹಾಗೆ ಮಾಡಿತು.

ಇಷ್ಟಾದರೂ ಮೇಷ್ಟ್ರಿಗೆ ಒಂದು ಧೈರ್ಯವಿತ್ತು. ಮತ್ತೋಡಿನ ಈರಕ್ಕನ ಮನೆಯ ಗೋಡೆಗೂಡಿನಲ್ಲಿರುವ ಗಡಿಯಾರ ಪ್ರದೀಪನ ಬೀರುವಿನಲ್ಲಿಲ್ಲ. ಮೇಷ್ಟ್ರಿಗೆ ಮೊದಲು ಕೆಲಸ ಸಿಕ್ಕಿದ್ದು ಮತ್ತೋಡಿನಲ್ಲಿ, ಬಾಡಿಗೆಗಿದ್ದದ್ದು ಈರಕ್ಕನ ಮನೆಯಲ್ಲಿ, ಎರಡು ವರ್ಷ ಉಂಡದ್ದು ಆಕೆ ಮುರಿದುಕೊಟ್ಟ ಮುದ್ದೆ. ಆಕೆಯ ಗಂಡ ಮಾರಿಕಣಿವೆ ಡ್ಯಾಮಿನ ಬಂಗಲೆಯಲ್ಲಿ ಅಡಿಗೆಯವನಾಗಿದ್ದ. ಎಂಜಿನಿಯರೊಬ್ಬರು ವರ್ಗವಾಗಿ ಹೋಗುವಾಗ ಅವನಿಗೆ ಕೊಟ್ಟ ಗಡಿಯಾರ ಅದು. ಕಪ್ಪು ಮರ, ಎರಡೂ ಕಡೆ ಮೂರು ಮೂರು ಮೆಟ್ಟಿಲು, ಎಂಟು ಮೂಲೆಯ ಡಯಲು, ಅದರ ಸುತ್ತ ಬೆಳ್ಳಿಯಂಥ ಒಂದೇ ಒಂದು ಪಟ್ಟಿ. ಇನ್ನೊಂದು ಗೆರೆ ಸೇರಿಸಿದರೆ ಹೆಚ್ಚು, ಒಂದು ತೆಗೆದರೆ ಕಡಿಮೆ. ಮೇಷ್ಟ್ರಿಗೆ ಗಡಿಯಾರದ ಹುಚ್ಚು ಹಿಡಿದದ್ದೇ ಅದನ್ನು ನೋಡಿ. ಗಂಡ ತೀರಿಕೊಂಡ ಮೇಲೆ ಕೀಲಿ ಕೊಡುವವರಿಲ್ಲದೆ ಅದು ನಿಂತಿತ್ತು. ಉಂಡ ಮನೆಯಲ್ಲಿ ಹೇಗೆ ಕೇಳುವುದು ಅಂತ ಮೇಷ್ಟ್ರು ಒಮ್ಮೆಯೂ ಬಾಯಿಬಿಟ್ಟಿರಲಿಲ್ಲ.

ಕಳೆದ ತಿಂಗಳು ಪ್ರದೀಪ್ ಫೋನು ಮಾಡಿದ. ಮತ್ತೋಡಿನಲ್ಲಿ ಒಂದು ಗಡಿಯಾರ ನೋಡಿ ಬಂದೆ, ಅಂಥದ್ದು ಜಿಲ್ಲೆಯಲ್ಲೇ ಇಲ್ಲ ಅಂದ. ಅಜ್ಜಿ ಏನಂದರು ಗೊತ್ತಾ ಸಾರ್ ಅನ್ನುವಷ್ಟರಲ್ಲಿ ಮೇಷ್ಟ್ರು ಫೋನು ಕಟ್ ಮಾಡಿದರು. ಅವನ ಬೀರುವಿನ ದೀಪದ ಕೆಳಗೆ ಆ ಗಡಿಯಾರ ಕುಂತಿರುವುದು ಕಣ್ಣಿಗೆ ಕಟ್ಟಿತು.

ಮಾರನೆಯ ದಿನವೇ ಮತ್ತೋಡಿನ ಬಸ್ಸು ಹತ್ತಿದರು. ಕಾಫಿ ಕುಡಿದರು, ಮೊಮ್ಮಗಳು ಕಾವ್ಯಶ್ರೀಯ ಸುದ್ದಿ ಕೇಳಿದರು. ಎರಡು ವರ್ಷದಿಂದ ಗಂಡು ನೋಡುತ್ತಿದ್ದಾರೆ, ಯಾವುದೂ ಕೂಡಿಬರುತ್ತಿಲ್ಲ ಅಂತ ಈರಕ್ಕ ನಿಟ್ಟುಸಿರು ಬಿಟ್ಟಳು. ಮೇಷ್ಟ್ರ ಕಣ್ಣು ಗೂಡಿನ ಕಡೆ ಹೋಯಿತು. ಕ್ಲಾಸಿನಲ್ಲಿ ಶಕುನ, ದೋಷ ಅಂದವರನ್ನು ನೋಡಿ ನಗಾಡಿದ್ದ ಮನುಷ್ಯ, ದನಿ ತಗ್ಗಿಸಿ ಹೇಳಿದರು:

“ನಿಂತ ಗಡಿಯಾರ ಮನೇಲಿ ಇಟ್ಕಬಾರ್ದು ಈರಕ್ಕ. ಮನೆಗೆ ಆಗಿಬರಲ್ಲ. ಕಾವ್ಯಶ್ರೀದೂ ಇದ್ರಿಂದ್ಲೇ ತಡ ಆಗ್ತೈತೇನೋ.”

ಹಾಗಾದರೆ ನೀವೇ ಒಯ್ಯಿರಿ ಅನ್ನುತ್ತಾಳೆ ಅಂತ ಕಾದರು. ಈರಕ್ಕ ಗೂಡಿನ ಕಡೆ ನೋಡಿದಳು. ಭಾನುವಾರ ಬರ್ರಿ, ಅಷ್ಟರಲ್ಲಿ ಏನಾದರೂ ಮಾಡುತ್ತೀನಿ ಅಂದಳು. ಮೇಷ್ಟ್ರಿಗೆ ಅಷ್ಟೇ ಸಾಕಾಯಿತು. ವಾಪಸ್ ಬರುವಾಗ ಬಸ್ಸಿನಲ್ಲಿ ಸ್ವಲ್ಪ ನಾಚಿಕೆಯಾಯಿತು, ನಿಜ. ಹೊಸದುರ್ಗ ಬರುವುದರೊಳಗೆ ಅದೂ ಹೋಯಿತು. ಪ್ರದೀಪನ ಮುಖ ಹೇಗಾಗಬಹುದು ಅಂತ ಯೋಚಿಸುತ್ತಾ ಖುಷಿಯಾಗಿ ಇಳಿದರು.

ಭಾನುವಾರ ಹಳೇ ರಗ್ಗು, ಹತ್ತಿ, ದಾರ ಚೀಲಕ್ಕೆ ತುಂಬಿಕೊಂಡು ಹೋದರು. ಗೂಡು ಖಾಲಿ. ಗಡಿಯಾರ ಇದ್ದ ಜಾಗದಲ್ಲಿ ಸುಣ್ಣ ಬೆಳ್ಳಗೆ ಉಳಿದಿತ್ತು, ಮೂರು ಮೆಟ್ಟಿಲ ಆಕಾರದಲ್ಲಿ.

“ಡಾಕ್ಟ್ರಿಗೆ ಕೊಟ್ಯಾ?” ಅಂದರು.

“ಯಾರಿಗ್ಯಾಕೆ ಕೊಡ್ಲಿ? ಪೀಡೆ ಇರೋದನ್ನ ಇನ್ನೊಬ್ರ ಮನೆಗೆ ದಾಟಿಸ್ತಾರೇನ್ರಿ?” ಅಂದಳು ಈರಕ್ಕ. ಪಕ್ಕದ ಮನೆ ಚಂದ್ರುವಿನ ಆಟೊದಲ್ಲಿ ಮಾರಿಕಣಿವೆಯ ಹಿನ್ನೀರಿಗೆ ಹೋಗಿ, ಕುಂಕುಮ ಹಚ್ಚಿ, ನಿಂಬೆಹಣ್ಣು ಇಳಿ ತೆಗೆದು, ಕಲ್ಲು ಕಟ್ಟಿ ನೀರಿಗೆ ಬಿಟ್ಟು ಬಂದಿದ್ದಳು. ಗಂಡ ದುಡಿದ ನೀರು, ಅವನ ವಸ್ತು ಅಲ್ಲಿಗೇ ಸೇರಲಿ ಅಂತ.

ಮೇಷ್ಟ್ರು ಚೀಲ ಇಳಿಸಿ ಜಗಲಿಯ ಮೇಲೆ ಕುಂತರು. ಆಕೆ ನೀರು ತಂದುಕೊಟ್ಟು ಪಕ್ಕದಲ್ಲಿ ಕುಂತಳು.

“ಆ ಡಾಕ್ಟ್ರು ಕೇಳ್ದಾಗ, ಇದು ನಮ್ ಮೇಷ್ಟ್ರಿಗೆ ಅಂತ ಇಟ್ಟೀನಿ, ನಾನು ಹೋದ್ಮೇಲೆ ಅವರಿಗೇ ಅಂದಿದ್ದೆ ಕಣ್ರಿ. ನೀವು ಹೇಳಿದ್ದು ಒಳ್ಳೇದಾತು. ಇಲ್ದಿದ್ರೆ ಅದು ನಿಮ್ ಮನೆಗೇ ಬರ್ತಿತ್ತು.”

ಮೇಷ್ಟ್ರು ಅವತ್ತು ಹೇಳಿದ್ದು ಸುಳ್ಳು ಅಂದರೆ ಆಕೆಯ ಎದೆ ಒಡೆಯುತ್ತದೆ. ಅನ್ನ ಇಟ್ಟಳು, ಉಂಡರು.

ಬಸ್ ಸ್ಟಾಪಿನಲ್ಲಿ ಕುಂತು ಪ್ರದೀಪನಿಗೆ ಫೋನು ಹಚ್ಚಿದರು. ಅವತ್ತು ಅದನ್ನೇ ಹೇಳಲು ಬಂದೆ ಸಾರ್, ನಿಮಗೇ ಇಟ್ಟಿದ್ದಾರೆ ಅಂತ, ನಾನು ಫೋಟೊ ಮಾತ್ರ ತೆಗೆದುಕೊಂಡು ಬಂದೆ ಅಂದ ಅವನು. ಗಡಿಯಾರ ಮನೆಗೆ ಬಂತಾ, ಬಂದು ನೋಡಲಾ ಅಂತಲೂ ಕೇಳಿದ. ಅವನ ದನಿಯಲ್ಲಿ ಕಿಚ್ಚಿನ ಸುಳಿವೇ ಇರಲಿಲ್ಲ. ಮೇಷ್ಟ್ರಿಗೆ ಅದಕ್ಕೂ ಹೊಟ್ಟೆ ಉರಿಯಿತು.

“ಫೋಟೊ ಕಳಿಸಪ್ಪ,” ಅಂದರು.

ಒಂದೇ ಫೋಟೊ ಬಂತು. ಮೆಟ್ಟಿಲು, ಎಂಟು ಮೂಲೆ, ಬೆಳ್ಳಿಯ ಪಟ್ಟಿ, ಎಲ್ಲ ಸ್ಪಷ್ಟ. ಡಯಲನ್ನು ಹತ್ತಿರದಿಂದ ನೋಡಬೇಕು ಅನ್ನಿಸಿ ಬೆರಳಿನಿಂದ ಹಿಗ್ಗಿಸಿದರು. ಗಾಜಿನೊಳಗೆ ಪ್ರದೀಪ್ ಇದ್ದ, ಫೋನು ಹಿಡಿದುಕೊಂಡು, ನಗುತ್ತಾ. ಅವನನ್ನು ಬಿಟ್ಟು ಗಡಿಯಾರ ಮಾತ್ರ ಕಾಣಲಿ ಅಂತ ಮೇಷ್ಟ್ರು ಹಿಗ್ಗಿಸಿದಷ್ಟೂ ಅವನ ಮುಖವೇ ದೊಡ್ಡದಾಗುತ್ತಾ ಹೋಯಿತು.