ಇಸ್ತ್ರಿಯವನ ಅಂಗೈ

ಬೀದಿಯ ಮೂಲೆಯಲ್ಲಿ ಹದಿನೆಂಟು ವರ್ಷದಿಂದ ಇಸ್ತ್ರಿ ಹಾಕುವ ಆತ ಎಲ್ಲರ ಬಾಯಲ್ಲಿ ‘ಗರಿಗರಿ’. ಅಂಗಿಯ ಕಾಲರಿನಲ್ಲಿ ಒಂದು ಸುಕ್ಕು ಉಳಿದರೂ ಊಟ ಸೇರದ ಮನುಷ್ಯ. ಇಸ್ತ್ರಿಪೆಟ್ಟಿಗೆ ಎಷ್ಟು ಕಾದಿದೆಯೆಂದು ಕೆನ್ನೆಯ ಹತ್ತಿರ ಹಿಡಿದೇ ಹೇಳಿಬಿಡುತ್ತಿದ್ದ. ಬಿಸಿಯ ವಿಷಯದಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂಬ ಜಂಬವೂ ಇತ್ತು, ಸುಳ್ಳೇಕೆ ಹೇಳಬೇಕು.

ಹೆಂಡತಿ ತನ್ನ ತಂಗಿಯ ಹೆರಿಗೆಗೆಂದು ಹೋಗಿದ್ದ ವಾರ ನಾಲ್ಕು ವರ್ಷದ ಮಗಳು ಮಂಕಾದಳು. ತಟ್ಟೆ ದೂಡಿದಳು, ನೀರೂ ಬೇಡವೆಂದಳು, ಮಡಿಸಿಟ್ಟ ಬಟ್ಟೆಗಳ ಪಕ್ಕದಲ್ಲೇ ಮುದುಡಿ ಮಲಗಿದಳು. ಅವನು ಪೆಟ್ಟಿಗೆ ಕೆಳಗಿಟ್ಟು ಹಣೆ ಮುಟ್ಟಿದ. ತಣ್ಣಗಿತ್ತು.

“ಜ್ವರ ಗಿರ ಏನೂ ಇಲ್ಲ ಕಣೇ,” ಎಂದು ಹೆಂಡತಿಗೆ ಫೋನಿನಲ್ಲಿ ಹೇಳಿದ.

“ಸರಿಯಾಗಿ ನೋಡಿದ್ರಾ? ನಂಗ್ಯಾಕೋ ಮನಸ್ಸು ತಡೀತಿಲ್ಲ.”

“ಬಿಸಿ ನೋಡೋದು ನಂಗೇ ಹೇಳ್ಕೊಡ್ತೀಯಾ?”

ಹೇಳಿದ್ದೇನೋ ಹೇಳಿದ, ಜೀವಕ್ಕೆ ನೆಮ್ಮದಿಯಿರಲಿಲ್ಲ. ಎರಡು ಅಂಗಿಗೊಮ್ಮೆ ಹೋಗಿ ಹಣೆ ಮುಟ್ಟುವುದು, ಬಂದು ಮತ್ತೆ ಪೆಟ್ಟಿಗೆ ಹಿಡಿಯುವುದು. ಎರಡು ದಿನ ಇದೇ ಆಯಿತು.

ಮೂರನೆಯ ಬೆಳಿಗ್ಗೆ ಬಟ್ಟೆ ಒಯ್ಯಲು ಬಂದ ಎದುರುಮನೆ ಟೀಚರ್ ಮಗುವಿನ ಕೆನ್ನೆ ಸವರಿ ತಟ್ಟನೆ ಕೈ ಎಳೆದುಕೊಂಡರು. “ಏನ್ರೀ ಇದು, ಮೈ ಸುಡ್ತಾ ಇದೆ. ಮೊದಲು ಎತ್ಕೊಂಡು ನಡೀರಿ.”

ಚಪ್ಪಲಿಯನ್ನೂ ಮೆಟ್ಟದೆ ಓಡಿದ. ಕ್ಲಿನಿಕ್ಕಿನಲ್ಲಿ ಥರ್ಮಾಮೀಟರ್ ನೂರ ಮೂರು ತೋರಿಸಿತು. ಡಾಕ್ಟರಮ್ಮ ಟಾರ್ಚಿನ ಬೆಳಕು ಬಿಟ್ಟು ಗಂಟಲು ನೋಡಿದರು.

“ಗಂಟಲು ಕೆಂಪಾಗಿದೆ, ವಾಸಿಯಾಗುತ್ತೆ. ಆದ್ರೆ ಮೈಯಲ್ಲಿ ನೀರು ಕಮ್ಮಿಯಾಗಿದೆ. ಗುಟುಕು ಗುಟುಕಾಗಿ ಕುಡಿಸ್ತಾನೇ ಇರಿ. ಮನೇಲಿ ಎಲ್ರೂ ಸೋಪು ಹಾಕಿ ಕೈ ತೊಳೀಬೇಕು, ಅವಳ ಲೋಟ ಬೇರೆ ಇರ್ಲಿ. ಅಲ್ರೀ, ಇಷ್ಟು ಜ್ವರ ಗೊತ್ತಾಗ್ಲಿಲ್ವಾ?”

“ಗಳಿಗೆಗೊಂದ್ಸಲ ಮುಟ್ಟಿ ನೋಡ್ದೆ, ಡಾಕ್ಟ್ರೇ.”

ಅವರು ಅವನ ಅಂಗೈ ಹಿಡಿದು ನೋಡಿದರು. “ಏನು ಕೆಲಸ?”

“ಇಸ್ತ್ರಿ.”

“ಪೆಟ್ಟಿಗೆ ಹಿಡಿದ ಕೈಗೆ ಯಾರ ಹಣೆಯಾದ್ರೂ ತಣ್ಣಗೇ ಕಣ್ರೀ. ಒಂದು ಥರ್ಮಾಮೀಟರ್ ಇಟ್ಕೊಳ್ಳಿ.”

ಅವನು ತನ್ನ ಅಂಗೈಯನ್ನೇ ತಿರುಗಿಸಿ ನೋಡಿಕೊಂಡ. ಮಗಳು ಹುಟ್ಟಿದಂದಿನಿಂದ ಈ ಕೈ ಇನ್ನೆಷ್ಟು ಸಲ ಸುಳ್ಳು ಹೇಳಿತ್ತೋ ಎಂದು ಲೆಕ್ಕ ಹಾಕಲೂ ಹೆದರಿದ.

ಮೂರು ದಿನಕ್ಕೆ ಜ್ವರ ಇಳಿಯಿತು. ಥರ್ಮಾಮೀಟರ್ ಅವನ ಅಂಗಿಯ ಜೇಬು ಸೇರಿತು. ಮಗಳ ಪಕ್ಕ ಕೂರುವಾಗಲೆಲ್ಲ ಅವನು ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಳ್ಳುತ್ತಿದ್ದ. ಒಂದು ದಿನ ಇಸ್ತ್ರಿ ಬಿಟ್ಟು ಬಂದು ಕೂತಾಗ ಅವಳೇ ಒಂದು ಕೈ ಎಳೆದುಕೊಂಡು ತನ್ನ ಕೆನ್ನೆಗಿಟ್ಟುಕೊಂಡಳು. ಆಮೇಲೆ ಡಾಕ್ಟರಮ್ಮನ ಹಾಗೆಯೇ ಮುಖ ಮಾಡಿದಳು.

“ಅಪ್ಪಾ, ನಿಂಗೆ ಜ್ವರ ಬಂದಿದೆ. ನೀರು ಕುಡಿ. ನಿನ್ ಲೋಟದಲ್ಲಿ.”

ಅವನು ಎದ್ದು ಹೋಗಿ ತನ್ನ ಲೋಟದಲ್ಲಿ ನೀರು ತುಂಬಿಸಿಕೊಂಡು ಬಂದು, ಅವಳ ಎದುರಿಗೇ ಕೂತು, ಗುಟುಕು ಗುಟುಕಾಗಿ ಕುಡಿದ.